ನಾಣ್ಯದ ಮೇಲೆ ಲೂಯಿ ಅಂತಿದೆ, ಆದ್ರೆ ಯಾವ ಲೂಯಿ? (ಜೊತೆಗೆ ಅಮ್ಮ ವಿಭೂತಿ ಹಾಕಿ ತಿಕ್ಕಿಬಿಟ್ಟಿದ್ದಾರೆ)

ಬೆಣ್ಣೆದೋಸೆ_ಟುಲೂಸ್:

ಎಲ್ರಿಗೂ ನಮಸ್ಕಾರ. ಇಲ್ಲಿ ಜಾಸ್ತಿ ಜನ ಮೈಸೂರು ಕಾಸು, ವಿಜಯನಗರದ ವರಾಹ ಅಂತ ಬರೀತೀರ, ನಂದು ಸ್ವಲ್ಪ ಬೇರೆ ಕೇಸು, ಗೊತ್ತಿರೋರು ಇದ್ರೆ ಹೇಳಿ. ನಾನು ದಾವಣಗೆರೆಯವನು, ಕೆಲಸಕ್ಕೆ ಅಂತ ಫ್ರಾನ್ಸಿನ ಟುಲೂಸಿಗೆ ಬಂದು ಮೂರು ವರ್ಷ ಆಯ್ತು. ಇಲ್ಲಿ ಭಾನುವಾರ ಬಂತು ಅಂದ್ರೆ ಅಕ್ಕಪಕ್ಕದ ಊರುಗಳಲ್ಲಿ ವೀದ್ ಗ್ರೆನಿಯೆ ಅಂತ ನಡೆಯುತ್ತೆ, ಅಟ್ಟ ಖಾಲಿ ಮಾಡೋ ಸಂತೆ ಅನ್ಕೊಳಿ, ಮನೇಲಿರೋ ಹಳೇ ಸಾಮಾನೆಲ್ಲ ತಂದು ರಸ್ತೆ ಬದಿ ಹರಡ್ಕೊಂಡು ಕೂತಿರ್ತಾರೆ. ಮೊದ್ಲು ಸುಮ್ನೆ ಕಾಫಿ ಕುಡ್ಕೊಂಡು ನೋಡ್ಕೊಂಡು ಬರ್ತಿದ್ದೆ, ಈಗ ಆರು ತಿಂಗಳಿಂದ ನಾಣ್ಯದ ಹುಚ್ಚು ಹತ್ತಿದೆ.

ಹೋದ ವಾರ ಒಬ್ರ ಹತ್ರ ಚಿಕ್ಕ ಪ್ಯಾಕೆಟ್ಟಲ್ಲಿ ಒಂದು ಕಪ್ಪಗಿರೋ ತೆಳು ನಾಣ್ಯ ಸಿಕ್ತು, ಮೇಲೆ ಪೆನ್ನಲ್ಲಿ ‘ಸೇಂಟ್ ಲೂಯಿ ದೆನಿಯೆ, 13ನೇ ಶತಮಾನ’ ಅಂತ ಬರ್ದಿತ್ತು (ಸೇಂಟ್ ಲೂಯಿ ಇಲ್ಲಿನ ಹಳೇ ರಾಜ, ದೆನಿಯೆ ಅಂದ್ರೆ ಆಗಿನ ಚಿಕ್ಕ ಬೆಳ್ಳಿ ನಾಣ್ಯ). 60 ಯೂರೋ ಅಂದ್ರು, ಚೌಕಾಸಿ ಮಾಡಿ 45ಕ್ಕೆ ತಗೊಂಡೆ. ನಮ್ಮೂರಲ್ಲಿ ಹೊಯ್ಸಳರು ಆಳ್ತಿದ್ದ ಕಾಲದ್ದು ನನ್ನ ಅಂಗೈಯಲ್ಲಿ ಇದೆ ಅಂತ ಆ ರಾತ್ರಿ ನಿದ್ದೆ ಬರ್ಲಿಲ್ಲ ನಿಜವಾಗ್ಲೂ. ಒಂದು ಕಡೆ ಶಿಲುಬೆ ಇದೆ, ಅದ್ರ ಸುತ್ತ ಅಕ್ಷರ, ‘ಎಲ್ ಓ ಡಿ ಓ ಐ’ ತನಕ ಓದಕ್ಕಾಗುತ್ತೆ. ಇನ್ನೊಂದು ಕಡೆ ಮಧ್ಯದಲ್ಲಿ ಪುಟ್ಟ ಶಿಲುಬೆ, ಸುತ್ತ ಸಣ್ಣ ಸಣ್ಣ ಉಂಗುರ ಥರ ಇದೆ, ಅಕ್ಷರ ಸವೆದು ಹೋಗಿದೆ, ‘ಇ ಜಿ’ ಆಮೇಲೆ ಎಲ್ಲೋ ‘ಎಸ್ ಎಸ್’ ಕಾಣುತ್ತೆ. ಅಗಲ ಸುಮಾರು 18 ಮಿಲಿಮೀಟರ್, ಅಡುಗೆಮನೆ ತಕ್ಕಡೀಲಿ 1 ಗ್ರಾಂ ತೋರಿಸ್ತು.

ಈಗ ಅಸಲಿ ಪ್ರಾಬ್ಲಮ್ಮು. ಅಮ್ಮ ಊರಿಂದ ಬಂದು ಎರಡು ತಿಂಗಳಾಗಿದೆ, ನಾನು ಆಫೀಸಿಗೆ ಹೋದಾಗ ಟೇಬಲ್ ಮೇಲೆ ಇದ್ದಿದ್ದನ್ನ ನೋಡಿ ‘ಬೆಳ್ಳಿ ಅಂತೀಯ, ಹಿಂಗ್ ಇಟ್ಕೊಂಡಿದೀಯಲ್ಲ’ ಅಂತ ದೀಪ ತೊಳೆಯೋ ಹಾಗೆ ವಿಭೂತಿ ಹಾಕಿ ತಿಕ್ಕಿದ್ದಾರೆ. ಒಂದು ಕಡೆ ಪಳಪಳ, ಇನ್ನೊಂದು ಕಡೆ ಇನ್ನೂ ಕಪ್ಪು (ಆ ಕಡೆಗೆ ಬರೋಷ್ಟ್ರಲ್ಲಿ ನಾನು ಬಂದೆ). ಇದು ಹಾಳಾಯ್ತಾ? ನಿಜವಾಗ್ಲೂ ಸೇಂಟ್ ಲೂಯಿದಾ? 45 ಯೂರೋ ಟೋಪಿ ಬಿತ್ತಾ? ಫೋಟೋ ಎರಡು ಕಡೇದೂ ಹಾಕಿದೀನಿ.

ಮಸಾಲೆ_ಮಂಡಕ್ಕಿ:

ಅಮ್ಮನ್ನ ಬೈಬೇಡಿ ಸಾರ್, ನಮ್ಮನೇಲಿ ತಾತನ ವಿಕ್ಟೋರಿಯಾ ರುಪಾಯಿಗಳಿಗೆ ಪ್ರತಿ ದೀಪಾವಳಿ ಹುಣಸೆಹಣ್ಣಿನ ಅಭಿಷೇಕ ಆಗ್ತಿತ್ತು, ರಾಣಿ ಮುಖ ಈಗ ಬೋಂಡ ಥರ ಆಗಿದೆ. ನಿಮ್ದು ಅಷ್ಟೇನೂ ಹೋಗಿಲ್ಲ ಅನ್ಸುತ್ತೆ.

ಸವೆದ_ಕಾಸು:

ಫೋಟೋ ನೋಡಿದೆ. ಬೇಜಾರ್ ಮಾಡ್ಕೋಬೇಡಿ, ಇದು ಸೇಂಟ್ ಲೂಯಿ ಅಲ್ಲ. ಆದ್ರೆ ನಕಲಿನೂ ಅಲ್ಲ, ನನ್ ಕೇಳಿದ್ರೆ ಸೇಂಟ್ ಲೂಯಿ ದೆನಿಯೆಗಿಂತ ಇದ್ರ ಕಥೆನೇ ಚೆನ್ನಾಗಿದೆ.

ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳಿ, ಫ್ರೆಂಚ್ ಮಧ್ಯಯುಗದ ನಾಣ್ಯದಲ್ಲಿ ರಾಜನ ಹೆಸರು ಓದಿ ಯಾವತ್ತೂ ಕಾಸು ಕೊಡಬಾರ್ದು. ಊರಿನ ಹೆಸರು ಓದ್ಬೇಕು. ಯಾಕಂದ್ರೆ 10ನೇ ಶತಮಾನದ ಹೊತ್ತಿಗೆ ಅಲ್ಲಿ ರಾಜನ ಕೈ ಸೋತು ಹೋಗಿತ್ತು, ಟಂಕಸಾಲೆಗಳು ಒಂದೊಂದಾಗಿ ಕೌಂಟುಗಳು (ಅಂದ್ರೆ ಸೀಮೆ ಆಳೋ ಸಾಮಂತರು), ಬಿಷಪ್ಪರು, ಮಠಗಳ ಕೈಗೆ ಹೋದ್ವು. ಅವರು ತಮ್ಮ ಹೆಸರಲ್ಲಿ ಹೊಸದಾಗಿ ಹಾಕೋ ಬದ್ಲು ಇದ್ದ ಡಿಸೈನ್ನೇ ಹಾಗೇ ಒತ್ತುತ್ತಾ ಹೋದ್ರು, ಸತ್ತ ರಾಜನ ಹೆಸರಿನ ಸಮೇತ, ಒಂದಲ್ಲ ಎರಡಲ್ಲ ಇನ್ನೂರು ಮುನ್ನೂರು ವರ್ಷ. ಸಂತೇಲಿ ಅಕ್ಷರ ಓದೋರು ಎಷ್ಟು ಜನ ಇದ್ರು ಹೇಳಿ, ಕೈಗೆ ಕಣ್ಣಿಗೆ ರೂಢಿ ಆಗಿರೋ ಮುಖ ಬದಲಾದ್ರೆ ಏನೋ ಮೋಸ ಇದೆ ಅಂತ ವ್ಯಾಪಾರಿ ತಗೊಳ್ಳಲ್ಲ. ಮುಖ ಹಾಗೇ ಇಟ್ಟು ಒಳಗಿನ ಬೆಳ್ಳಿ ಮಾತ್ರ ಮೆಲ್ಲಗೆ ಕಮ್ಮಿ ಮಾಡ್ಬೋದು, ಅದನ್ನೂ ಮಾಡಿದ್ರು!

ನಿಮ್ಮದ್ರಲ್ಲಿ ಇರೋದು ‘ಲೋದೋಯಿಕುಸ್’, ಅಂದ್ರೆ ಲೂಯಿನೇ, ಆದ್ರೆ ಆ ಲೂಯಿ 936ರಿಂದ 954ರ ತನಕ ಆಳಿದ ನಾಲ್ಕನೇ ಲೂಯಿ. ಸೇಂಟ್ ಲೂಯಿ ಒಂಬತ್ತನೆಯವನು, 1226ರಿಂದ 1270. ಹಿಂದಿನ ಕಡೆ ‘ಇ ಜಿ... ಎಸ್ ಎಸ್’ ಇರೋದು ‘ಎಗೋಲಿಸ್ಸಿಮೆ’ ಅಂತ ಇರ್ಬೇಕು, ಅದು ಅಂಗೂಲೆಮ್ ಊರಿನ ಲ್ಯಾಟಿನ್ ಹೆಸರು. ಶಿಲುಬೆ, ಸುತ್ತ ಉಂಗುರ, ಎಲ್ಲ ಅದಕ್ಕೇ ಹೊಂದುತ್ತೆ. ಅಂಗೂಲೆಮ್ ಕೌಂಟುಗಳು ಲೂಯಿ ಸತ್ತು ಎಷ್ಟೋ ತಲೆಮಾರು ಆದ್ಮೇಲೂ ಅವನ ಹೆಸರಲ್ಲೇ ಒತ್ತಿದ್ದು ಇದು. ಒಂದು ಕೆಲ್ಸ ಮಾಡಿ, ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ನಾಣ್ಯದ ಪಕ್ಕದಿಂದ, ಟೇಬಲ್ ಮಟ್ಟದಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ, ಸವೆದ ಅಕ್ಷರ ನೆರಳಲ್ಲಿ ಎದ್ದು ಬರುತ್ತೆ. ಓದೋದನ್ನ ಮೇಲ್ಗಡೆ ಇರೋ ಪುಟ್ಟ ಶಿಲುಬೆ ಗುರುತಿಂದ ಶುರು ಮಾಡಿ, ಯು ಬದಲು ವಿ ಇರುತ್ತೆ, ಕೆಲವು ಅಕ್ಷರ ಉಲ್ಟಾನೂ ಇರುತ್ತೆ.

ನಮ್ಮ ಕಡೇನೂ ಇದೇ ಆಟ ನಡೆದಿದೆ ಅಲ್ವಾ, ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ರುಪಾಯಿ ಎರಡನೇ ಶಾ ಆಲಂ ಹೆಸರಲ್ಲಿ, ಆಳ್ವಿಕೆಯ 19ನೇ ವರ್ಷ ಅಂತ ಹಾಕ್ಕೊಂಡು ಅವನು 1806ರಲ್ಲಿ ಸತ್ತ ಮೇಲೂ 1835ರ ತನಕ ಒತ್ತುತ್ತಾನೇ ಇದ್ರು.

45 ಸ್ವಲ್ಪ ಜಾಸ್ತಿನೇ ಆಯ್ತು. ನಾನು ಇದೇ ಥರದ್ದು, ಇದಕ್ಕಿಂತ ಚೆನ್ನಾಗಿರೋದು, 28ಕ್ಕೆ ತಗೊಂಡಿದ್ದೆ. ಟೋಪಿ ಅಂತ ಅನ್ಬೇಡಿ, ಟ್ಯೂಷನ್ ಫೀಸು ಅನ್ಕೊಳಿ.

ಹುಬ್ಬಳ್ಳಿ_ರೊಕ್ಕ:

ಸವೆದ_ಕಾಸು ಅವರು ಹೇಳಿದ್ದು ಖರೇ ಅದ. ನಾನೊಂದು ಸೇರಸ್ತೀನಿ. ತೂಕ ಅಡಗಿಮನಿ ತಕ್ಕಡಿಯೊಳಗ ನೋಡಿದ್ರ ಉಪಯೋಗಿಲ್ರಿ, 0.01 ಗ್ರಾಂ ತೋರಸೋ ಪಾಕೆಟ್ ತಕ್ಕಡಿ ಸಿಗತಾವ, ಅದನ್ನ ತಗೊಳ್ರಿ. ಈ ಹವ್ಯಾಸದಾಗ ತೂಕ ಅಂದ್ರ ಅರ್ಧಾ ಜಾತಕ ಇದ್ದಂಗ.

ಮೂಲ ಲೆಕ್ಕ ಗೊತ್ತಿದ್ರ ಛಲೋ ಆಗತದ. ಶಾರ್ಲಮೇನ್ ಚಕ್ರವರ್ತಿ ಕಾಲದಿಂದ 12 ದೆನಿಯೆಗೆ ಒಂದು ಸೂ, 20 ಸೂಗೆ ಒಂದು ಲಿವ್ರ್, ಅಂದ್ರ 240 ದೆನಿಯೆ. ಇಂಗ್ಲಿಷರ ಪೌಂಡ್ ಶಿಲ್ಲಿಂಗ್ ಪೆನ್ನಿ ಇದ ಲೆಕ್ಕರೀ, ಪೆನ್ನಿಗೆ ‘ಡಿ’ ಅಂತ ಬರೀತಿದ್ರಲ್ಲ, ಅದು ದೆನಾರಿಯಸ್ಸಿನ ‘ಡಿ’. ಭಾಳ ದಿನ ಸೂ, ಲಿವ್ರ್ ಅನ್ನೋವು ಬರೇ ಲೆಕ್ಕದ ಹೆಸರು, ಕೈಯಾಗ ಹಿಡ್ಯಾಕ ಇದ್ದದ್ದು ದೆನಿಯೆ, ಅದರ ಅರ್ಧ ಓಬೋಲ್ ಅಷ್ಟ. ಶಾರ್ಲಮೇನ್ 793ರ ಸುಮಾರಿಗೆ ದೆನಿಯೆ ತೂಕ ಹೆಚ್ಚಿಗಿ ಮಾಡಿ 1.7 ಗ್ರಾಂ ಹತ್ರ ತಂದ, ಬೆಳ್ಳಿನೂ ಛಲೋ ಇತ್ತು. ನಾಕು ಶತಮಾನ ಕಳದ ಮ್ಯಾಲೆ ನೋಡ್ರಿ, ದೆನಿಯೆ ಟೂರ್ನ್ವಾ ಅಂತ, ಅಂದ್ರ ಟೂರ್ ಪಟ್ಟಣದ ದೆನಿಯೆ, ಬರತದ, ತೂಕ 1.1 ಗ್ರಾಂ, ಬೆಳ್ಳಿ ನೂರಕ್ಕ 30 ಅಷ್ಟ! ಉಳದದ್ದು ತಾಮ್ರ. ಇದಕ್ಕ ಬಿಯೋನ್ ಅಂತಾರ. ‘ಬೆಳ್ಳಿ ನಾಣ್ಯ’ ಅಂತ ಮಾರೋ ಹತ್ತರಾಗ ಏಳೆಂಟು ಬಿಯೋನ್ ಇರತಾವ, ಸಂತ್ಯಾಗ ಯಾರೂ ಹೇಳೂದಿಲ್ಲ.

ಈಗ ಸೇಂಟ್ ಲೂಯಿ ಹೆಸರು ಯಾಕ ಅಷ್ಟು ಅಂದ್ರ, 1266ರಾಗ ಅವನ ಮಂದಿ ಗ್ರೋ ಟೂರ್ನ್ವಾ ಅಂತ ದೊಡ್ಡ ಬೆಳ್ಳಿ ನಾಣ್ಯ ತಂದ್ರು, 12 ದೆನಿಯೆ ಕಿಮ್ಮತ್ತು, ಅಂದ್ರ ಅಲ್ಲಿತನಕ ಬರೇ ಲೆಕ್ಕದಾಗಿದ್ದ ಸೂ ಮೊದಲನೇ ಸಲ ಕೈಗೆ ಬಂತು. ಒಂದು ಪ್ಯಾರಿಸ್ ಮಾರ್ಕ್ ಅನ್ನೋ ತೂಕದ ಬೆಳ್ಳಿಗೆ, ಅಂದ್ರ ಸುಮಾರು 244.75 ಗ್ರಾಮಿಗೆ, 58 ಗ್ರೋ. ಭಾಗಿಸಿ ನೋಡ್ರಿ, 4.22 ಗ್ರಾಂ ಬರತದ. ಒಳಗ ಶುದ್ಧ ಬೆಳ್ಳಿ 4 ಗ್ರಾಮಿಗೆ ಚೂರು ಹೆಚ್ಚು. ಆ ಕಡೆ 12 ದೆನಿಯೆದಾಗಿನ ಬೆಳ್ಳಿ ಕೂಡಿಸಿದ್ರೂ ಹೆಚ್ಚೂಕಡಿಮಿ 4 ಗ್ರಾಮ. ನಾ ಇದನ್ನ ಮೊದಲ ಸಲ ಕಾಗದದ ಮ್ಯಾಲೆ ಹಾಕಿ ನೋಡಿದಾಗ ಖುಷಿಯಿಂದ ಮನಿಯಾಕಿಗೆ ತೋರಿಸಿದೆ, ಆಕಿ ‘ಹಾಲು ಉಕ್ಕಾಕ್ಹತ್ತೇತಿ ನೋಡ್ರಿ’ ಅಂದ್ಲು.

ಗಜಲಕ್ಷ್ಮಿ_ಪಣ:

ಕೇಳ್ತೀನಿ ಅಂತ ಬೇಜಾರಾಗ್ಬೇಡಿ, ನಮ್ಮಲ್ಲೇ ಇಷ್ಟೊಂದು ವರಾಹ, ಹಣ, ಬೇಳೆ, ಕಾಸು ಎಲ್ಲ ಇರುವಾಗ ಯಾರದೋ ಊರಿನ ಯಾರದೋ ಕೌಂಟ್ ಒತ್ತಿದ ತಗಡು ಯಾಕೆ ಬೇಕು?

ಬೆಣ್ಣೆದೋಸೆ_ಟುಲೂಸ್:

ಹಾಗಲ್ಲ ಮೇಡಂ/ಸಾರ್, ನಾನಿರೋದು ಇಲ್ಲಿ, ಇಲ್ಲಿನ ಸಂತೇಲಿ ಸಿಗೋದು ಇದು. ದಾವಣಗೆರೇಲಿ ಕೂತಿದ್ರೆ ವರಾಹ ನೋಡ್ತಿದ್ನೋ ಏನೋ, ಅದ್ರ ರೇಟಿಗೆ ನೋಡೋದು ಮಾತ್ರ.

ಸವೆದ_ಕಾಸು:

ಹಹ್ಹ ಅದೂ ನಿಜ. ವರಾಹ ಚಿನ್ನ, ಇದು ಬೆಳ್ಳಿ, ಮಧ್ಯಮ ವರ್ಗದವರಿಗೆ ಕೈಗೆಟುಕೋದು. ಒಂದು ಮಜಾ ನೋಡಿ, ನಮ್ಮಲ್ಲಿ ಚಿಕ್ಕ ಚಿನ್ನದ ನಾಣ್ಯದ ಹೆಸರು ‘ಹಣ’, ಅದೇ ಎಲ್ಲಾ ದುಡ್ಡಿಗೂ ಹೆಸರಾಯ್ತು. ಫ್ರೆಂಚರಲ್ಲಿ ಬೆಳ್ಳಿಗೆ ‘ಆರ್ಜಾಂ’ ಅಂತಾರೆ, ದುಡ್ಡಿಗೂ ‘ಆರ್ಜಾಂ’ ಅಂತಾರೆ. ಯಾರು ಯಾವ ಲೋಹದ ಜೊತೆ ಬದುಕಿದ್ರು ಅಂತ ಪದದಲ್ಲೇ ಗೊತ್ತಾಗುತ್ತೆ. ಇವತ್ತಿಗೂ ಫ್ರೆಂಚರು ಕೈ ಖಾಲಿ ಆದ್ರೆ ಒಂದು ಸೂ ಇಲ್ಲ ಅಂತಾರೆ, ನಾವು ಬಿಡಿಗಾಸಿಲ್ಲ ಅಂದ ಹಾಗೆ. ಟಾಸ್ ಹಾಕುವಾಗ ‘ಪಿಲ್ ಊ ಫಾಸ್’ ಅಂತಾರಲ್ಲ, ಅದ್ರಲ್ಲಿ ಪಿಲ್ ಅಂದ್ರೆ ಸುತ್ತಿಗೆಯಿಂದ ನಾಣ್ಯ ಒತ್ತುತ್ತಿದ್ದ ಕಾಲದ ಕೆಳಗಿನ ಅಚ್ಚು, ಮರದ ದಿಮ್ಮಿಗೆ ನೆಟ್ಟಿರೋದು.

ವಿಭೂತಿ ವಿಷ್ಯಕ್ಕೆ ಬರ್ತೀನಿ, ಮರೆತಿದ್ದೆ. ಬೂದಿ ಅಂದ್ರೂ ಅದು ನುಣುಪು ಉಪ್ಪುಕಾಗದ ಇದ್ದ ಹಾಗೆ, ಕಪ್ಪನ್ನಷ್ಟೇ ಅಲ್ಲ ಮೇಲಿನ ಲೋಹನೂ ಚೂರು ತೆಗೆಯುತ್ತೆ. ಕಪ್ಪು ಅಂದ್ರೆ ಕೊಳೆ ಅಲ್ಲ, ಗಾಳಿಯಲ್ಲಿರೋ ಗಂಧಕದ ಜೊತೆ ಬೆಳ್ಳಿ ಸೇರಿ ಆಗಿರೋ ಪದರ, ನಾಣ್ಯ ಸಂಗ್ರಹ ಮಾಡೋರಿಗೆ ಅದೇ ಬೇಕು. ಆಗಿದ್ದು ಆಯ್ತು, ಇನ್ನೊಂದು ಕಡೇನ ‘ಮ್ಯಾಚ್ ಆಗ್ಲಿ’ ಅಂತ ತಿಕ್ಕಬೇಡಿ ದಯವಿಟ್ಟು!! ಕೋಲ್ಗೇಟು, ಹುಣಸೆ, ನಿಂಬೆ, ಅಂಗಡೀಲಿ ಸಿಗೋ ಬೆಳ್ಳಿ ಅದ್ದೋ ದ್ರಾವಣ ಯಾವ್ದೂ ಬೇಡ. ವಿಭೂತಿ ಪುಡಿ ಅಕ್ಷರದ ಸಂದೀಲಿ ಇದ್ರೆ ಡಿಸ್ಟಿಲ್ಡ್ ವಾಟರಲ್ಲಿ ನೆನೆಸಿ, ಉಜ್ಜದೆ ಒಣಗಲು ಬಿಡಿ. ಪೇಪರ್ ಕವರಲ್ಲಿ ಇಡಿ, ಮೆತ್ತಗಿರೋ ಪಿವಿಸಿ ಪ್ಲಾಸ್ಟಿಕ್ ಪೌಚಲ್ಲಿ ಇಟ್ರೆ ಹಸಿರು ಹಿಡಿಯುತ್ತೆ. ಒಂದೆರಡು ವರ್ಷದಲ್ಲಿ ಮತ್ತೆ ತಾನಾಗೇ ಮಂಕಾಗುತ್ತೆ.

ಬೆಣ್ಣೆದೋಸೆ_ಟುಲೂಸ್:

ಟಾರ್ಚ್ ಐಡಿಯಾ ಕೆಲಸ ಮಾಡ್ತು!!! ‘ಎಗೋಲಿಸ್’ ತನಕ ಪಕ್ಕಾ ಓದಿದೆ, ಆಮೇಲೆ ‘ಎಂ ಇ’ ಕೊನೆಗೆ. ಹೊಸ ತಕ್ಕಡಿ ತರಿಸ್ದೆ, 0.87 ಗ್ರಾಂ. ಅಮ್ಮ ಪಕ್ಕದಲ್ಲೇ ಕೂತು ಲೆನ್ಸಲ್ಲಿ ನೋಡಿದ್ರು, ನಾನು ತಿಕ್ಕಿದ್ದಕ್ಕೇ ಅಲ್ವಾ ಮುಂದಿನ ಕಡೆ ಅಕ್ಷರ ಕಾಣ್ತಿರೋದು ಅಂತ ಈಗ ಅವರದೇ ಕ್ರೆಡಿಟ್ಟು.

ಈಗ ಆಸೆ ಆಗ್ತಿರೋದು ಆ ಗ್ರೋ ಟೂರ್ನ್ವಾ ಮೇಲೆ. ಒಂದು ನಿಜವಾದ ಸೇಂಟ್ ಲೂಯಿ ಬೇಕು ಅಂತ ಹಠ. ಹೇಗೆ ನೋಡಿ ತಗೋಬೇಕು?

ಹುಬ್ಬಳ್ಳಿ_ರೊಕ್ಕ:

ಗ್ರೋ ಸಂತ್ಯಾಗ ತಗೋಬ್ಯಾಡ್ರಿ, ಮೊದಲ ಹೇಳತೀನಿ. ಬಿಲ್ ಕೊಡೋ, ಖೊಟ್ಟಿ ಅಂತ ಗೊತ್ತಾದ್ರ ವಾಪಸ್ ತಗೊಳ್ಳೋ ಅಂಗಡಿ ಇಲ್ಲಾ ಹರಾಜಿನಾಗ ತಗೊಳ್ರಿ. ಹರಾಜಿನಾಗ ಕೂಗಿದ ರೇಟಿನ ಮ್ಯಾಲೆ ಅವರ ಕಮಿಷನ್ ಬ್ಯಾರೆ ಇರತದ, ಅದನ್ನ ಕೂಡಿಸಿ ಕೈ ಎತ್ತರಿ. ನಾನು ಮೊದಲ ಸಲ ಅದನ್ನ ಮರತು ಎತ್ತಿದ್ದೆ.

ನೋಡೋದು ಹೆಂಗಂದ್ರ, ಒಂದು ಕಡೆ ಶಿಲುಬಿ, ಸುತ್ತ ಎರಡು ಸಾಲು ಅಕ್ಷರ, ಒಳಗಿನ ಸಾಲು ‘ಲುದೋವಿಕುಸ್ ರೆಕ್ಸ್’, ಹೊರಗಿನ ಸಾಲು ದೇವರ ಹೆಸರು ಸ್ತುತಿ ಮಾಡೋ ಲ್ಯಾಟಿನ್, ಶಬ್ದ ಎಲ್ಲಾ ಮೊಟಕು ಮಾಡಿರತಾರ. ಇನ್ನೊಂದು ಕಡೆ ಕೋಟೆ ಥರ ಒಂದು ಚಿತ್ರ, ‘ಟುರೋನುಸ್ ಕಿವಿಸ್’ ಅಂತ, ಸುತ್ತ 12 ಲಿಲ್ಲಿ ಹೂವು. 12 ದೆನಿಯೆಗೆ 12 ಹೂವು, ಓದಾಕ ಬರದವನೂ ಎಣಿಸಬಹುದು. ಟೂರ್ನ್ವಾ ದೆನಿಯೆ ಮೂಲದಾಗ ಟೂರ್ ಪಟ್ಟಣದ ಸೇಂಟ್ ಮಾರ್ಟಿನ್ ಮಠದ ನಾಣ್ಯ, 1204ರಾಗ ಫ್ರೆಂಚ್ ರಾಜ ಫಿಲಿಪ್ ಆಗಸ್ಟ್ ಆ ಸೀಮೆ ಗೆದ್ದ ಮ್ಯಾಲೆ ಅದನ್ನ ರಾಜನ ನಾಣ್ಯ ಮಾಡಿಕೊಂಡ. ಅದಕ್ಕ ಪ್ಯಾರಿಸ್ಸಿನ ರಾಜನ ನಾಣ್ಯದ ಮ್ಯಾಲೆ ಟೂರ್ ಊರಿನ ಹೆಸರು. ಪ್ಯಾರಿಸ್ಸಿಂದೂ ಬ್ಯಾರೆ ಇತ್ತು, ಪಾರಿಸಿ ಅಂತ, ಅದರದು 4 ಅಂದ್ರ ಟೂರಿಂದು 5.

‘ಫಿಲಿಪುಸ್’ ಅಂತಿದ್ರ ಸೇಂಟ್ ಲೂಯಿ ಮಗ ಮೂರನೇ ಫಿಲಿಪ್ಪೋ ಮೊಮ್ಮಗ ನಾಲ್ಕನೇ ಫಿಲಿಪ್ಪೋ ಅನ್ನೋದು ತಲಿಬ್ಯಾನಿ, ಅಕ್ಷರದ ಆಕಾರ, ‘ಓ’ ದುಂಡಗದನೋ ಉದ್ದ ಅದನೋ ಅಂತ ನೋಡತಾರ. ಅದಕ್ಕ ಲೂಯಿದು ತಗೊಳ್ಳೋದು ಸರಳ.

ತೂಕ 4 ಗ್ರಾಂ ಆಸುಪಾಸು ಬರಬೇಕು. 3.5 ಬಂತು ಅಂದ್ರ ಅಂಚು ನೋಡ್ರಿ, ಹೊರಗಿನ ಸಾಲಿನ ಅಕ್ಷರ ಅರ್ಧ ಕತ್ತರಿಸಿ ಹೋಗಿದ್ರ ಆವಾಗಿನ ಮಂದಿನ ಬೆಳ್ಳಿ ಕೆತ್ತಿ ಇಟ್ಕೊಂಡಾರ ಅಂತ ತಿಳ್ಕೊಳ್ರಿ, ಅದು ಖೊಟ್ಟಿ ಅಲ್ಲ, ರೇಟು ಕಮ್ಮಿ ಅಷ್ಟ. ಅಂಚಿನ ಗುಂಟ ಸುತ್ತ ಒಂದು ಗೆರಿ ಇದ್ರ, ಮ್ಯಾಲೆ ಸಣ್ಣ ಸಣ್ಣ ಗುಳ್ಳಿ ಇದ್ರ, ಅಕ್ಷರ ಸಾಬೂನಿನಂಗ ಕರಗಿದಂಗ ಕಂಡ್ರ ಅದು ಎರಕ ಹೊಯ್ದಿದ್ದು, ಕೈ ಮುಗದು ಬರ್ರಿ. ಒತ್ತಿದ ನಾಣ್ಯದಾಗ ಅಕ್ಷರದ ಬುಡ ಚೂಪ ಇರತದ. ಹಳೇ ಖೊಟ್ಟಿನೂ ಅದಾವ ಮತ್ತ, ಬೆಕರ್ ಅಂತ ಜರ್ಮನಿಯವ, 1830ರಾಗ ಸತ್ತ, ಸ್ವತಃ ಅಚ್ಚು ಕೆತ್ತಿ ಪ್ರಾಚೀನ, ಮಧ್ಯಯುಗದ ನಾಣ್ಯ ಒತ್ತಿದ್ದ, ಅವನವು ಈಗ ತಾವ ಸಂಗ್ರಹದ ವಸ್ತು ಆಗ್ಯಾವ!

ಸವೆದ_ಕಾಸು:

ತೂತು ಬಿದ್ದಿರೋ ಗ್ರೋ ಸಿಕ್ರೆ ಮುಖ ಸಿಂಡರಿಸಬೇಡಿ. 1297ರಲ್ಲಿ ಲೂಯಿನ ಸಂತ ಅಂತ ಘೋಷಿಸಿದ ಮೇಲೆ ಜನ ಅವನ ನಾಣ್ಯಕ್ಕೆ ತೂತು ಹೊಡೆದು ತಾಯತದ ಹಾಗೆ ಕೊರಳಿಗೆ ಹಾಕ್ಕೊಂಡ್ರು. ನಮ್ಮ ಕಾಸಿನ ಸರದ ಅಜ್ಜಿಯರು ನೆನಪಾಗ್ತಾರೆ ನನಗೆ. ಕಮ್ಮಿಗೆ ಸಿಗುತ್ತೆ, ಮೊದಲ ಗ್ರೋ ಅದೇ ಇರ್ಲಿ ಅನ್ನೋದು ನನ್ನ ಸಲಹೆ.

ಇನ್ನೊಂದು, ಆ ಸಂತೆಯವರು ಪ್ಯಾಕೆಟ್ ಮೇಲೆ ಸೇಂಟ್ ಲೂಯಿ ಅಂತ ಬರ್ದಿದ್ದು ಹೊಸ ಚಾಳಿ ಏನಲ್ಲ. ಮೊಮ್ಮಗ ನಾಲ್ಕನೇ ಫಿಲಿಪ್ ಯುದ್ಧಕ್ಕೆ ದುಡ್ಡಿಲ್ಲದೆ 1295ರಿಂದ ನಾಣ್ಯದ ಬೆಳ್ಳಿ ಇಳಿಸ್ತಾ ಹೋದ, ಜನ ಸೇಂಟ್ ಲೂಯಿ ಕಾಲದ ಒಳ್ಳೆ ನಾಣ್ಯ ವಾಪಸ್ ಕೊಡಿ ಅಂತ ಬಾಯಿ ಬಡ್ಕೊಂಡ್ರು. ಕೊನೆಗೆ 1306ರಲ್ಲಿ ಕೊಟ್ಟ, ಆಗ ಇನ್ನೂ ದೊಡ್ಡ ರಾಮಾಯಣ ಆಯ್ತು, ಯಾಕಂದ್ರೆ ಬಾಡಿಗೆಯನ್ನ ಒಳ್ಳೆ ನಾಣ್ಯದಲ್ಲಿ ಕೊಡಿ ಅಂತ ಮನೆ ಮಾಲೀಕರು ಕೂತ್ರು, ಬಾಡಿಗೆ ಒಂದೇ ಸಲ ಮೂರು ಪಟ್ಟು ಆದ ಹಾಗಾಯ್ತು. ಪ್ಯಾರಿಸಲ್ಲಿ ದಂಗೆ, ರಾಜ ಹೋಗಿ ಟೆಂಪ್ಲರ್ ಅನ್ನೋ ಕ್ರೈಸ್ತ ಸನ್ಯಾಸಿ ಸೈನಿಕರ ಕೋಟೇಲಿ ಕೂತ್ಕೋಬೇಕಾಯ್ತು. ಮುಂದಿನ ವರ್ಷ ಆ ಟೆಂಪ್ಲರ್‌ಗಳನ್ನೇ ಹಿಡಿದು ಹಾಕಿಸ್ದ ಪುಣ್ಯಾತ್ಮ.

ನೀವು ಟುಲೂಸಲ್ಲೇ ಇದ್ದೀರ, ಅಲ್ಲಿನ ಕೌಂಟುಗಳದ್ದೇ ಹಿಡೀರಿ ಅಂತೀನಿ ನಾನು. ‘ತೊಲೋಸಾ’ ಅಂತ ಊರ ಹೆಸರು, ಮಧ್ಯದಲ್ಲಿ ‘ಪಾಕ್ಸ್’ ಅಂದ್ರೆ ಶಾಂತಿ ಅನ್ನೋ ಮೂರು ಅಕ್ಷರ ಇರುತ್ತೆ. ಏಳನೇ ರೇಮಂಡನ ಮಗಳನ್ನ ಸೇಂಟ್ ಲೂಯಿ ತಮ್ಮ ಮದ್ವೆ ಆದ, ಇಬ್ರೂ ಮಕ್ಕಳಿಲ್ಲದೆ 1271ರಲ್ಲಿ ಸತ್ರು, ಟುಲೂಸ್ ಹೋಗಿ ರಾಜನ ಮಡಿಲಿಗೆ ಬಿತ್ತು. ನೀವು ದಿನಾ ಮೆಟ್ರೋದಲ್ಲಿ ಓಡಾಡೋ ಊರಿನ ಕಥೆ ಅದು.

ದಕ್ಷಿಣದಲ್ಲಿ ಇನ್ನೊಂದು ವಿಚಿತ್ರನೂ ಇದೆ, ಮೊಂಪೆಲಿಯೆ ಪಕ್ಕದ ಮಾಗಲೋನ್ ಬಿಷಪ್ಪರು ಅರಬ್ಬಿ ದಿರ್ಹಮ್ಮಿನ ನಕಲು ಒತ್ತಿಸ್ತಿದ್ರು, ಚೌಕಾಕಾರದ ಬೆಳ್ಳಿ ನಾಣ್ಯ, ಮಿಲಾರೆಸ್ ಅಂತಾರೆ, ಅದ್ರ ಮೇಲೆ ಮುಹಮ್ಮದರ ಹೆಸರು! ಆಫ್ರಿಕಾ ಕಡೆ ವ್ಯಾಪಾರಕ್ಕೆ ಅದೇ ಓಡ್ತಿತ್ತು. 1266ರಲ್ಲಿ ಪೋಪ್ ನಾಲ್ಕನೇ ಕ್ಲೆಮೆಂಟ್ ಆ ಬಿಷಪ್ಪಿಗೆ ಕಾಗದ ಬರೆದು ಉಗಿದಿದ್ದಾನೆ. ಕ್ರೈಸ್ತ ಬಿಷಪ್, ಅರಬ್ಬಿ ಅಕ್ಷರ, ಲಾಭ ಮಾತ್ರ ಇಬ್ರಿಗೂ ಅರ್ಥ ಆಗೋ ಭಾಷೆ ನೋಡಿ.

ಮಸಾಲೆ_ಮಂಡಕ್ಕಿ:

ಮೆಟಲ್ ಡಿಟೆಕ್ಟರ್ ತಗೊಂಡು ಹೊಲದಲ್ಲಿ ಹುಡುಕಿದ್ರೆ ಫ್ರೀ ಆಗಿ ಸಿಗಲ್ವಾ? ಯೂಟ್ಯೂಬಲ್ಲಿ ಇಂಗ್ಲೆಂಡಿನವರು ದಿನಾ ತೆಗೀತಾರಪ್ಪ.

ಸವೆದ_ಕಾಸು:

ಫ್ರಾನ್ಸಲ್ಲಿ ಆ ಆಸೆ ಬಿಡಿ, 1989ರಿಂದ ಕಾನೂನಿದೆ, ಪುರಾತನ ವಸ್ತು ಹುಡುಕೋಕೆ ಡಿಟೆಕ್ಟರ್ ಹಿಡಿಬೇಕು ಅಂದ್ರೆ ಸರ್ಕಾರದ ಪರವಾನಗಿ ಬೇಕು, ಜೊತೆಗೆ ಹೊಲದ ಮಾಲೀಕನ ಒಪ್ಪಿಗೆ. ಹಂಗೆ ಕಿತ್ತು ತಂದ ನಾಣ್ಯದ ಕಥೆನೂ ಅಲ್ಲೇ ಹೋಗುತ್ತೆ. 2017ರಲ್ಲಿ ಕ್ಲೂನಿ ಮಠದಲ್ಲಿ ಪುರಾತತ್ವದವರು ಅಗೆದಾಗ ಬಟ್ಟೆ ಚೀಲದಲ್ಲಿ 2,200ಕ್ಕೂ ಹೆಚ್ಚು ಬೆಳ್ಳಿ ದೆನಿಯೆ, ಓಬೋಲ್, ಅದರ ಜೊತೆ ಚರ್ಮದಲ್ಲಿ ಸುತ್ತಿಟ್ಟ 21 ಅರಬ್ಬಿ ಚಿನ್ನದ ದಿನಾರ್, ಒಂದು ಮುದ್ರೆಯುಂಗುರ ಸಿಕ್ತು. ಯಾವ ಚೀಲದಲ್ಲಿ ಯಾವುದರ ಪಕ್ಕ ಏನಿತ್ತು ಅಂತ ಗೊತ್ತಿರೋದಕ್ಕೇ ಅದಕ್ಕೆ ಅಷ್ಟು ಬೆಲೆ. ಯಾರೋ ರಾತ್ರಿ ಹೋಗಿ ಕಿತ್ತಿದ್ರೆ 2,200 ಪ್ಯಾಕೆಟ್ ಆಗಿ ಸಂತೆಗಳಲ್ಲಿ ಹಂಚಿ ಹೋಗಿರೋದು, ಮೇಲೆ ಸೇಂಟ್ ಲೂಯಿ ಅಂತ ಬರ್ದು.

ಬೆಣ್ಣೆದೋಸೆ_ಟುಲೂಸ್:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ. ಇವತ್ತು ಬೆಳಗ್ಗೆ ಮತ್ತೆ ಅದೇ ಸಂತೆಗೆ ಹೋಗಿದ್ದೆ, ಅವರಿಗೆ ಅಂಗೂಲೆಮ್ ವಿಷ್ಯ ಹೇಳಿದೆ, ಲೂಯಿ ಅಂದ್ರೆ ಲೂಯಿನೇ ಮೊಸ್ಯೂ ಅಂತ ನಕ್ಕರು, ಬಿಲ್ಲೂ ಇಲ್ಲ ಏನೂ ಇಲ್ಲ, ಬಿಟ್ಟೆ. ಅವರ ಡಬ್ಬೀಲಿ ಇನ್ನೊಂದು ತೆಳು ನಾಣ್ಯ ಇತ್ತು, 15 ಯೂರೋ ಅಂದ್ರು, ಅದ್ರ ಮೇಲೆ ಬಾಚಣಿಗೆ ಥರ ಏನೋ ಇತ್ತು, ಹಲ್ಲು ಹಲ್ಲಾಗಿ. ಮಕ್ಕಳ ಆಟದ ಬಿಲ್ಲೆ ಇರ್ಬೇಕು ಅಂತ ಇಟ್ಟು ಬಂದೆ. ಸರಿ ಮಾಡಿದ್ನಲ್ಲ?

ಹುಬ್ಬಳ್ಳಿ_ರೊಕ್ಕ:

ಅಯ್ಯೋ ಯಪ್ಪಾ.

ಸವೆದ_ಕಾಸು:

ಬಾಚಣಿಗೆ ಇದ್ದಿದ್ದನ್ನ ಬಿಟ್ಟು ಬಂದ್ರಾ?! ಅದು ಪ್ರೊವಾಂ ಊರಿನ ದೆನಿಯೆ ಇರ್ಬೇಕು ಮಾರಾಯ್ರೆ, ಶಾಂಪೇನ್ ಸೀಮೆಯ ಕೌಂಟುಗಳದ್ದು! ಫ್ರೆಂಚಲ್ಲಿ ಬಾಚಣಿಗೆಗೆ ‘ಪೆಞ್’ ಅಂತಾರೆ, ಶಾಂ-ಪೆಞ್ ಅಂತ ಶ್ಲೇಷೆ ಅಂತಾರೆ ಜನ, ಉಣ್ಣೆ ಬಾಚೋ ಕಸುಬಿಗೂ ಹೊಂದುತ್ತೆ. ಶಾಂಪೇನ್ ಜಾತ್ರೆಗಳಿಗೆ ಇಟಲಿ, ಫ್ಲಾಂಡರ್ಸ್ ವ್ಯಾಪಾರಿಗಳೆಲ್ಲ ಬರ್ತಿದ್ರಲ್ಲ, ಅಲ್ಲಿ ಓಡ್ತಿದ್ದಿದ್ದು ಇದು. ಎಷ್ಟು ನಂಬಿಕೆ ಅಂದ್ರೆ ರೋಮಿನ ಸೆನೆಟ್ಟಿನವರು ಬಾಚಣಿಗೆ ಸಮೇತ ನಕಲು ಹೊಡೆದು ತಮ್ಮೂರಲ್ಲಿ ಚಲಾವಣೆಗೆ ಬಿಟ್ರು. ಎದ್ದು ಹೋಗಿ, ಮಧ್ಯಾಹ್ನದ ತನಕ ಇರ್ತಾರೆ ಅಲ್ವಾ ಅವರು?

ಬೆಣ್ಣೆದೋಸೆ_ಟುಲೂಸ್:

ಸೈಕಲ್ ಹತ್ತಿದೆ. ಅಮ್ಮನೂ ಬರ್ತೀನಿ ಅಂತಿದ್ರು, ಬೇಡ ಅಂದೆ.

ಬೆಣ್ಣೆದೋಸೆ_ಟುಲೂಸ್:

ಮಾರಿ ಹೋಗಿದೆ.